ಅಪಕಾರಕ್ಕೆ ಉಪಕಾರವೆಂದರೇನು?



ಶಾಲೆಯ ಸ್ಮರಣಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ಕೆಲಸವನ್ನೂ ದಾನಿಗಳ ಔದಾರ್ಯವನ್ನೂ ಕುರಿತು ನಾಲ್ಕು ಮಾತು ಬರೆಯುವದು ವಾಡಿಕೆ. ಆ ಸಂಗತಿಗಳೆಲ್ಲ ಈ ಪುಸ್ತಕದ ಬೇರೆ ಪುಟಗಳಲ್ಲಿ ಬಂದಿರುವದರಿಂದ, ಬಹುದಿನದಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಈ ಸಲ ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಕಳೆದ ಮಳೆಗಾಲದ ಒಂದು ಸಾಯಂಕಾಲ, ಹಿರೇಕೆರೂರಿನ ಕಡೆಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವಳು ಓದುವ ಕಾಲಕ್ಕೆ ಬೆಳಗಿನ ಪ್ರಾರ್ಥನೆಯಲ್ಲಿ ಮೊದಲನೆಯ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗಿ. ಕುಳ್ಳಿರಿಸಿ ಚಹ ಕೊಟ್ಟೆವು. ಸೆರಗು ಜಾರಿದಾಗ ತೋಳಿನ ಮೇಲಿನ ಕಪ್ಪು ಗುರುತು ಕಂಡಿತು. ನಾವು ಕೇಳುವದಕ್ಕೆ ಮುಂಚೆ ಅವಳೇ ಕೇಳಿದಳು:

“ಅಕ್ಕೋರೇ, ಕೆಟ್ಟದ್ದು ಮಾಡಿದವ್ರಿಗೂ ಒಳ್ಳೇದು ಮಾಡ್ರಿ ಅಂತ ನೀವು ನಮಗ ಕಲಿಸಿದ್ರಿ. ನಾಲ್ಕು ವರ್ಷ ಮಾಡೀನ್ರಿ. ಇನ್ನೂ ಎಷ್ಟು ದಿವಸ ಮಾಡಬೇಕ್ರಿ?”

ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಅವಳ ಮನೆಯ ಸಂಬಂಧವಾಗಿ ಹಿರಿಯರು ಎರಡು ಸಲ ಜಮಖಾನೆ ಹಾಸಿ ಕೂತು ರಾಜಿ ಮಾಡಿದ್ದರು. ಎರಡೂ ಸಲ ಗಂಡನ ಕಾಲಿಗೆ ಬಿದ್ದವಳು ಇವಳೇ. “ನೀನು ಮಿಶನ್ ಸಾಲಿಯಲ್ಲಿ ಓದಿದವಳು, ತಾಳಿಕೊಳ್ಳುವದು ನಿನಗೆ ಗೊತ್ತಿರಬೇಕು” ಎಂದು ಒಬ್ಬ ಹಿರಿಯರು ಹೇಳಿದರಂತೆ. ಈ ಮಾತು ನಮಗೆ ಬಡಿದಷ್ಟು ಆ ಕಪ್ಪು ಗುರುತು ಬಡಿಯಲಿಲ್ಲ. ಯಾಕಂದರೆ ನಾವು ಕಲಿಸಿದ ಪಾಠವನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿಹಾಕಿದ್ದರು. ಆದಕಾರಣ, ಅಪಕಾರಕ್ಕೆ ಉಪಕಾರ ಮಾಡುವದೆಂದರೆ ಏನು, ಏನಲ್ಲ ಎಂಬದನ್ನು ಬಿಡಿಸಿ ಹೇಳುವದು ಕಲಿಸಿದವರ ಋಣವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುವದು ಒಳ್ಳೇದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಬೋರ್ಡಿಂಗಿನ ಒಬ್ಬ ಹುಡುಗಿಯ ಟ್ರಂಕಿನಿಂದ ಪರೀಕ್ಷೆಯ ಫೀ ಹಣ ಕಾಣೆಯಾಯಿತು. ತೆಗೆದವಳು ಸಿಕ್ಕಳು. ನಾವು ಅವಳನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ ತಪ್ಪೊಪ್ಪಿಗೆ ಮಾಡಿಸಿದೆವು. ಬಳಿಕ ಹಣ ಕಳಕೊಂಡವಳನ್ನು ಕರೆದು, “ಕ್ಷಮಿಸಿದೆನೆಂದು ಹೇಳು” ಎಂದೆವು. ಅವಳು ಹೇಳಿದಳು. ಇಡೀ ಶಾಲೆ ಆಮೆನ್ ಎಂದಿತು. ಬೆತ್ತವನ್ನು ಮುಟ್ಟದೆ ಪ್ರೀತಿಯಿಂದ ಗೆದ್ದೆವೆಂದು ನಾವು ಹೆಮ್ಮೆಪಟ್ಟೆವು. ಎಂಟು ದಿವಸದೊಳಗೆ ತಪ್ಪು ಮಾಡಿದವಳು ಊರಿಗೆ ಹೋದವಳು ಮರಳಿ ಬರಲಿಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಳೆಂದೂ ಬಸ್ಸಿನ ಖರ್ಚಿಗೆಂದು ಹಣ ತೆಗೆದಳೆಂದೂ ಆಮೇಲೆ ತಿಳಿಯಿತು. ಹಣ ಕಳಕೊಂಡವಳಾದರೋ ವರ್ಷ ಮುಗಿಯುವ ತನಕ ನಮ್ಮ ಮುಖವನ್ನು ನೆಟ್ಟಗೆ ನೋಡಲಿಲ್ಲ. ಒಬ್ಬಳಿಂದ ಮಾನವನ್ನೂ ಇನ್ನೊಬ್ಬಳಿಂದ ಕ್ಷಮೆಯನ್ನೂ ನಾವು ಕಸಿದುಕೊಂಡಿದ್ದೆವು. ಇಬ್ಬರಿಗೂ ಅನ್ಯಾಯ ಮಾಡಿ ಅದಕ್ಕೆ ಕ್ರಿಸ್ತನ ಹೆಸರಿಟ್ಟಿದ್ದೆವು.

ಈ ಶಾಲೆಗೆ ಬಂದ ಮೇಲೆ ಅದೇ ಬಗೆಯ ಪ್ರಸಂಗ ಮತ್ತೆ ಬಂತು. ಆಗ ತಪ್ಪು ಮಾಡಿದವಳನ್ನು ಒಬ್ಬಳನ್ನೇ ಕರೆದು ಕೇಳಿದೆವು. ತಾಯಿ ಕಳೆ ತೆಗೆಯುವ ಕೂಲಿಯವಳು. ಸುದ್ದಿ ಕೇಳಿ ಓಡಿಬಂದು ಮಗಳನ್ನು ಹೊಡೆಯಲು ಕೈಯೆತ್ತಿದಳು. ಆ ಕೈಯನ್ನು ಹಿಡಿದೆವು. ತೆಗೆದ ಹಣವನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ತೀರಿಸಬೇಕೆಂದು ಗೊತ್ತುಮಾಡಿದೆವು. ಹಣ ಕಳಕೊಂಡವಳಿಗೆ, “ನಿನಗೆ ಸಿಟ್ಟಿರುವದು ತಪ್ಪಲ್ಲ, ಅವಳನ್ನು ನಿಂದಿಸುತ್ತ ತಿರುಗಬೇಡ, ಅಷ್ಟೇ ಸಾಕು” ಎಂದೆವು. ಅವಳು ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಸಿಕೊಡಿರೆಂದು ಕೇಳಿದಳು. ಹಾಕಿಸಿಕೊಟ್ಟೆವು. ಕೊನೆಯ ಕಂತು ತೀರಿದ ದಿವಸ ಅವಳು ತಾನಾಗಿ ಹೋಗಿ ಆ ಹುಡುಗಿಗೆ ತನ್ನ ಗಣಿತದ ನೋಟುಬುಕ್ಕನ್ನು ಓದಲು ಕೊಟ್ಟಳು. ಇಬ್ಬರೂ ಆಪ್ತ ಗೆಳತಿಯರಾದರೆಂದು ಹೇಳಿದರೆ ಸುಳ್ಳಾದೀತು. ಆದರೆ ಇಬ್ಬರೂ ಹತ್ತನೆಯ ಇಯತ್ತೆಯನ್ನು ಇದೇ ಶಾಲೆಯಲ್ಲಿ ಮುಗಿಸಿದರು. ಮೊದಲಿನ ಶಾಲೆಯ ಆಮೆನ್ನಿಗಿಂತ ಈ ನೋಟುಬುಕ್ಕು ದೊಡ್ಡದೆಂದು ನಾವು ಎಣಿಸುತ್ತೇವೆ.

ಹಾಗಾದರೆ ಪರ್ವತಪ್ರಸಂಗವು ಹೇಳುವದೇನು ಎಂದು ನೀವು ಕೇಳಬಹುದು. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಕರ್ತನು ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ತಿರುಗಿಸಬೇಕೆಂದೂ ವೈರಿಗಳನ್ನು ಪ್ರೀತಿಸಬೇಕೆಂದೂ ಬೋಧಿಸಿದ್ದಾನೆ. ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಹಸಿದ ವೈರಿಗೆ ಊಟವಿಕ್ಕಬೇಕೆಂದು ಹೇಳುತ್ತಾನೆ. ಇವುಗಳಲ್ಲಿ ಒಂದಕ್ಷರವನ್ನೂ ನಾವು ಕಡಿಮೆಮಾಡಬಯಸುವದಿಲ್ಲ. ಆದರೆ ಬೋಧಿಸಿದಾತನು ತಾನೇ ಹೊಡಿಸಿಕೊಂಡಾಗ ಏನು ಮಾಡಿದನೆಂಬದನ್ನೂ ಸತ್ಯವೇದವು ಬರೆದಿಟ್ಟಿದೆ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಮಹಾಯಾಜಕನ ವಿಚಾರಣೆಯಲ್ಲಿ ಓಲೇಕಾರನೊಬ್ಬನು ಯೇಸುವಿನ ಕೆನ್ನೆಗೆ ಹೊಡೆದನು. ಯೇಸು ಕೈಯೆತ್ತಲಿಲ್ಲ, ಶಪಿಸಲಿಲ್ಲ. ಹಾಗೆಂದು ಸುಮ್ಮನಿರಲೂ ಇಲ್ಲ. ತನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸಿಕೊಡು, ಇಲ್ಲದಿದ್ದರೆ ಹೊಡೆದದ್ದು ಯಾಕೆ ಎಂದು ಕೇಳಿದನು. ಹೊಡೆದವನನ್ನು ದ್ವೇಷಿಸದೆ ಹೊಡೆತವನ್ನು ತಪ್ಪೆಂದು ಹೆಸರಿಟ್ಟು ಕರೆದನು.

ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವು ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಛಡಿಗಳಿಂದ ಹೊಡಿಸಿ, ಕಾಲಿಗೆ ಕೋಳ ಹಾಕಿ ಸೆರೆಯಲ್ಲಿಟ್ಟರು. ನಡುರಾತ್ರಿಯ ಭೂಕಂಪದಿಂದ ಬಾಗಿಲುಗಳು ತೆರೆದುಹೋದಾಗ ಸೆರೆಮನೆಯ ಅಧಿಕಾರಿಯು ಪ್ರಾಣ ಕಳಕೊಳ್ಳಲು ಕತ್ತಿ ಹಿರಿದನು. ಓಡಿಹೋಗಬಹುದಾಗಿದ್ದ ಪೌಲನು ಕೂಗಿ ಅವನನ್ನು ಉಳಿಸಿದನು. ಇದು ಅಪಕಾರಕ್ಕೆ ಉಪಕಾರ. ಇಷ್ಟನ್ನು ನಾವು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಮರುದಿನದ ಕಥೆಯನ್ನು ಮಾತ್ರ ಬಿಟ್ಟುಬಿಡುತ್ತೇವೆ. ಬೆಳಗಾದಾಗ ಅಧಿಕಾರಿಗಳು ಇವರನ್ನು ಸುಮ್ಮನೆ ಬಿಟ್ಟುಬಿಡುವಂತೆ ಹೇಳಿಕಳುಹಿಸಿದರು. ಪೌಲನು ಒಪ್ಪಲಿಲ್ಲ. ರೋಮನ್ ಹಕ್ಕುಳ್ಳ ತಮ್ಮನ್ನು ಎಲ್ಲರೆದುರು ಹೊಡಿಸಿ ಈಗ ಗುಟ್ಟಾಗಿ ಸಾಗಹಾಕುವದು ಕೂಡದು, ಹೊಡಿಸಿದವರೇ ಬಂದು ಕರಕೊಂಡು ಹೋಗಲಿ ಎಂದನು. ಅವರು ಬಂದು ವಿನಯದಿಂದ ಕೇಳಿಕೊಂಡರು. ರಾತ್ರಿ ಸೆರೆಮನೆಯವನ ಪ್ರಾಣವನ್ನು ಉಳಿಸಿದವನೇ ಬೆಳಿಗ್ಗೆ ಕಾನೂನಿನ ಮಾತನ್ನಾಡಿದನು. ಈ ಎರಡರ ನಡುವೆ ಪೌಲನು ವಿರೋಧವನ್ನು ಕಾಣಲಿಲ್ಲ. ನಾವು ಯಾಕೆ ಕಾಣಬೇಕು?

ಇದು ಪರದೇಶದ ಮಾತೇನೂ ಅಲ್ಲ. ನಮ್ಮ ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ರಾಮಧಾನ್ಯ ಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಆದ ವಿವಾದವನ್ನು ವರ್ಣಿಸಿದ್ದಾರೆ. ಭತ್ತವು ರಾಗಿಯನ್ನು ಹೀನವೆಂದು ಜರೆಯಿತು. ರಾಗಿಯು ತಾಳ್ಮೆಯ ಹೆಸರಿನಲ್ಲಿ ತಲೆತಗ್ಗಿಸಲಿಲ್ಲ. ಬಡವರ ಹೊಟ್ಟೆಯನ್ನು ತುಂಬುವವರಾರೆಂದು ತುಂಬಿದ ಸಭೆಯಲ್ಲಿ ಎದುರುನಿಂತು ಕೇಳಿತು. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಭತ್ತವು ಸತ್ವಗುಂದಿತು, ರಾಗಿಯು ಉಳಿಯಿತು. ಹಾನಗಲ್ಲಿನ ಭತ್ತದ ಗದ್ದೆಯವರು ಇದಕ್ಕೆ ಕೋಪಿಸಿಕೊಳ್ಳಬಾರದು! ಅವಮಾನಪಟ್ಟವರು ನಿಜವನ್ನು ಆಡುವದು ಸೇಡಲ್ಲವೆಂದು ನಮ್ಮ ಸೀಮೆಯ ಈ ಕವಿಗೆ ಚೆನ್ನಾಗಿ ತಿಳಿದಿತ್ತು ಎಂಬದಷ್ಟೇ ನಮ್ಮ ಅಭಿಪ್ರಾಯ.

ಆದರೆ ನಿಜವನ್ನು ಆಡಿದರೂ ಕೇಳದ ಕಿವಿಗಳುಂಟು. ಸವಣೂರಿನಲ್ಲಿ 2010ನೆಯ ಇಸವಿಯ ಜುಲೈ ತಿಂಗಳಲ್ಲಿ ನಡೆದದ್ದನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ತಲೆತಲಾಂತರದಿಂದ ಊರಿನ ಮಲವನ್ನು ಹೊತ್ತ ಭಂಗಿ ಸಮಾಜದ ಕೆಲವರು, ವಾಸದ ಜಾಗದಿಂದ ತಮ್ಮನ್ನು ಎಬ್ಬಿಸುವ ಯತ್ನವನ್ನು ವಿರೋಧಿಸಿ, ಪುರಸಭೆಯ ಕಾರ್ಯಾಲಯದ ಎದುರಿಗೆ ಆ ಮಲವನ್ನೇ ತಮ್ಮ ಮೈಮೇಲೆ ಸುರಿದುಕೊಂಡರು. ಇಂಥ ಕೆಲಸವನ್ನು ನಿಷೇಧಿಸುವ ಕಾಯಿದೆಯು 1993ರಲ್ಲಿಯೇ ಹುಟ್ಟಿತ್ತು. ಇನ್ನೂ ಬಿಗಿಯಾದ ಕಾಯಿದೆ 2013ರಲ್ಲಿ ಬಂತು. ಅಷ್ಟು ನೊಂದವರು ಅದನ್ನು ಇನ್ನೊಬ್ಬರ ಮೇಲೆ ಎಸೆಯಲಿಲ್ಲವೆಂಬದನ್ನು ಗಮನಿಸಿರಿ. ಅನ್ಯಾಯ ಮಾಡಿದವರಿಗೆ ಅವರು ಅನ್ಯಾಯವನ್ನು ಮರಳಿಸಲಿಲ್ಲ. ಊರು ನೋಡಲೊಲ್ಲದ್ದನ್ನು ಊರಿನ ಕಣ್ಣೆದುರಿಗೆ ತಂದರು. ಆ ದಿವಸ ನಮ್ಮಂಥವರಾರಾದರೂ ಅವರ ಬಳಿಗೆ ಹೋಗಿ, “ಊರನ್ನು ಕ್ಷಮಿಸಿರಿ, ಪ್ರೀತಿಯಿಂದ ಗೆಲ್ಲಿರಿ” ಎಂದು ಉಪದೇಶ ಮಾಡಿದ್ದರೆ ಅದು ಎಷ್ಟು ನಾಚಿಕೆಗೇಡಿನ ಮಾತಾಗುತ್ತಿತ್ತು! ಅವರ ದುಡಿಮೆಯಿಂದ ತಮ್ಮ ಅಂಗಳವನ್ನು ಚೊಕ್ಕಟವಾಗಿಟ್ಟುಕೊಂಡವರಿಗೆ ಅವರಿಂದ ಕ್ಷಮೆ ಕೇಳುವ ಅಧಿಕಾರ ಇರಬಹುದು. ಕ್ಷಮೆಯನ್ನು ವಸೂಲುಮಾಡುವ ಅಧಿಕಾರವಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಕ್ಷಮೆಯು ನೊಂದವರ ಕೈಯಲ್ಲಿರುವ ದಾನ. ಅದನ್ನು ಅವರು ಕೊಟ್ಟರೆ ಪುಣ್ಯ. ಕೊಡುವ ಹೊತ್ತನ್ನು ಗೊತ್ತುಮಾಡುವವರು ಅವರೇ. ಬಲವುಳ್ಳವರು ಬಲವಿಲ್ಲದವರ ಕುತ್ತಿಗೆಯ ಮೇಲೆ ಕೂತು ಕೇಳುವಾಗ ಅದರ ಹೆಸರು ಕ್ಷಮೆಯಲ್ಲ, ತೆರಿಗೆ. ನಮ್ಮ ನಾಡಿನಲ್ಲಿ ಈ ತೆರಿಗೆಯನ್ನು ಹೆಚ್ಚಾಗಿ ಕೊಟ್ಟವರು ಹೆಣ್ಣುಮಕ್ಕಳೇ ಎಂಬದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರು, “ಹೀಗೆಂದರೆ ಸುವಾರ್ತೆಯ ಸಾರವನ್ನೇ ಹಿಂಡಿ ತೆಗೆದಂತಾಯಿತು, ಕೋರ್ಟು ಕಚೇರಿಗೆ ಹೋಗುವವರು ಕ್ಷಮಿಸುವದೆಲ್ಲಿ ಬಂತು?” ಎಂದು ಆಕ್ಷೇಪಿಸಬಹುದು. ಅವರಿಗೆ ನಮ್ಮ ದೇಶದಲ್ಲಿಯೇ ನಡೆದ ಎರಡು ಸಂಗತಿಗಳನ್ನು ನೆನಪಿಗೆ ತರುತ್ತೇವೆ. ಒರಿಸ್ಸಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಮ್ ಸ್ಟೇನ್ಸ್ ಎಂಬವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ 1999ನೆಯ ಜನವರಿ 22ರ ನಡುರಾತ್ರಿಯ ಸುಮಾರಿಗೆ ಮನೋಹರಪುರ ಗ್ರಾಮದಲ್ಲಿ, ಮಲಗಿದ್ದ ಬಂಡಿಯಲ್ಲಿಯೇ ಸುಟ್ಟರು. ಹಿರಿಯ ಮಗನಿಗೆ ಹತ್ತು ವರ್ಷ. ಕಿರಿಯವನು ಇನ್ನೂ ಚಿಕ್ಕವನು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಅವರು ತಮ್ಮ ಗಂಡನನ್ನೂ ಮಕ್ಕಳನ್ನೂ ಕೊಂದವರನ್ನು ಕ್ಷಮಿಸಿದ್ದೇನೆಂದು ಜಗತ್ತಿಗೆ ತಿಳಿಸಿದರು. ಮಗಳೊಡನೆ ಅಲ್ಲಿಯೇ ನಿಂತು 2004ರ ವರೆಗೆ ಆ ರೋಗಿಗಳ ಸೇವೆಯನ್ನು ನಡಿಸಿದರು. ಭಾರತ ಸರಕಾರವು 2005ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ಅವರು ಕ್ಷಮಿಸಿದರೆಂದು ನ್ಯಾಯಾಲಯವು ಬಾಗಿಲು ಮುಚ್ಚಲಿಲ್ಲ. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆಯಾಯಿತು. 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಮ್ ಕೋರ್ಟು ಆ ಜೀವಾವಧಿಯನ್ನು ಎತ್ತಿಹಿಡಿಯಿತು. ಕ್ಷಮೆಯು ಹೆಂಗಸಿನ ಹೃದಯದಲ್ಲಿ, ನ್ಯಾಯವು ಕಚೇರಿಯಲ್ಲಿ, ತಮ್ಮ ತಮ್ಮ ದಾರಿಯಲ್ಲಿ ನಡೆದವು. ಒಂದನ್ನೊಂದು ಅಡ್ಡಗಟ್ಟಲಿಲ್ಲ.

ಎರಡನೆಯದು ಕೇರಳದಲ್ಲಿ ಹುಟ್ಟಿ ಮಧ್ಯಪ್ರದೇಶದ ಬಡ ಹಳ್ಳಿಗರ ನಡುವೆ ದುಡಿದ ಕನ್ಯಾಸ್ತ್ರೀ ರಾಣಿ ಮರಿಯಾ ಅವರ ಸಂಗತಿ. ಅವರನ್ನು 1995ನೆಯ ಫೆಬ್ರುವರಿ 25ರಂದು ಪ್ರಯಾಣದ ಬಸ್ಸಿನಲ್ಲಿ ಇರಿದು ಕೊಂದರು. ಕೊಂದವನು ಶಿಕ್ಷೆ ಹೊಂದಿ ಸೆರೆಮನೆಯಲ್ಲಿದ್ದಾಗ, 2002ರಲ್ಲಿ, ಅವರ ಒಡಹುಟ್ಟಿದ ತಂಗಿ, ತಾವೂ ಕನ್ಯಾಸ್ತ್ರೀಯಾದ ಸೆಲ್ಮಿ ಪೌಲ್ ಅವರು ಅಲ್ಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದರು. ಅವನು ಪಶ್ಚಾತ್ತಾಪಪಟ್ಟನು. 2006ರಲ್ಲಿ ಬಿಡುಗಡೆ ಹೊಂದಿದನು. ಇಲ್ಲಿ ಕ್ರಮವನ್ನು ನೋಡಿರಿ. ಅಪರಾಧವು ಅಪರಾಧವೆಂದು ತೀರ್ಮಾನವಾದ ಎಷ್ಟೋ ವರ್ಷಗಳ ಮೇಲೆ, ಯಾವ ಪಂಚರ ಒತ್ತಾಯವೂ ಇಲ್ಲದೆ, ತಂಗಿಯು ತಾನಾಗಿ ರಾಖಿಯನ್ನು ತಂದಳು. ಜಕ್ಕಾಯನೆಂಬ ಸುಂಕದವನ ಮನೆಗೂ ಯೇಸು ಹೀಗೆಯೇ ಪ್ರೀತಿಯಿಂದ ಇಳುಕೊಳ್ಳಲು ಹೋದನು. ಆ ಪ್ರೀತಿಯನ್ನು ಕಂಡವನು ಕಸಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಎದ್ದುನಿಂತನು. ತಪ್ಪು ಮಾಡಿದವನನ್ನು ಇದ್ದಲ್ಲಿಯೇ ಬಿಟ್ಟುಬರುವ ದಯೆಯು ಕ್ರಿಸ್ತನ ದಯೆಯಲ್ಲ. ಅವನನ್ನು ಎಬ್ಬಿಸಿ ನಿಲ್ಲಿಸುವದೇ ಅದರ ಕೆಲಸ.

ಹೀಗಿರಲಾಗಿ, ಮಕ್ಕಳಿಗೆ ಈ ಶಾಲೆಯಲ್ಲಿ ನಾವು ಈಗ ಕಲಿಸುವದು ಇಷ್ಟು. ಯಾರಾದರೂ ಕೇಡು ಮಾಡಿದರೆ ನೀನು ಕೇಡು ಮಾಡಬೇಡ, ಬೈಗಳಿಗೆ ಬೈಗಳನ್ನು ಕೊಡಬೇಡ, ಅವರ ಮಾನವನ್ನು ಬೀದಿಗೆ ಎಳೆಯಬೇಡ. ಆದರೆ ನಡೆದದ್ದನ್ನು ನಂಬಿಕೆಯುಳ್ಳ ದೊಡ್ಡವರೊಬ್ಬರಿಗೆ ಹೇಳದೆ ಇರಬೇಡ. ಅವರು ಹಸಿದು ಬಂದರೆ ಅನ್ನವಿಕ್ಕು. ಹೊಡೆಯಲು ಬಂದರೆ ಅಲ್ಲಿ ನಿಲ್ಲಬೇಡ. ಅವರು ನಿಜವಾಗಿ ತಿರುಗಿಕೊಂಡ ದಿವಸ ಬಾಗಿಲು ತೆರೆಯುವ ಮನಸ್ಸನ್ನು ಕೊಡೆಂದು ದೇವರನ್ನು ಬೇಡಿಕೋ. ಶಿಕ್ಷಕಿಯರಿಗೆ ಹೇಳುವದಾದರೆ, ಮಕ್ಕಳ ಮೈಗೂ ಮನಸ್ಸಿಗೂ ನೋವಾಗುವ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಎಲ್ಲರೆದುರು ಮಾಡಿಸುವ ತಪ್ಪೊಪ್ಪಿಗೆಯೂ ಅಂಥ ಶಿಕ್ಷೆಯೇ ಎಂದು ನಾವು ತಡವಾಗಿ ಕಲಿತೆವು.

ತಾಯಿತಂದೆಗಳಲ್ಲಿಯೂ ಒಂದು ಬಿನ್ನಹ. ಮನೆಗೆ ಬಂದು ಹೋಗುವ ನೆಂಟನೊಬ್ಬನ ನಡತೆಯ ವಿಷಯವಾಗಿ ಮಗಳು ತಡವರಿಸುತ್ತ ಏನಾದರೂ ಹೇಳಿದರೆ, “ದೊಡ್ಡವರು, ಕ್ಷಮಿಸಿಬಿಡು” ಎಂದು ಅವಳ ಬಾಯಿ ಮುಚ್ಚಿಸಬೇಡಿರಿ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅಂಥ ಅಪರಾಧವನ್ನು ತಿಳಿದವರು ಅಧಿಕಾರಿಗಳಿಗೆ ತಿಳಿಸುವದು ಕಡ್ಡಾಯ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ಮದುವೆಯಾದ ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯದ ಕಾಯಿದೆಯ ರಕ್ಷಣೆಯುಂಟು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಹೊಡೆತವನ್ನು ತಡೆಯುವ ಆಜ್ಞೆಯನ್ನೂ ಅದರ ಕೆಳಗೆ ಪಡೆಯಬಹುದು, ಅದಕ್ಕಾಗಿಯೇ ರಕ್ಷಣಾಧಿಕಾರಿಗಳನ್ನು ನೇಮಿಸಲಾಗಿದೆ. ಊರಿನ ಹಿರಿಯರೂ ಸಭೆಯ ಹಿರಿಯರೂ ರಾಜಿಗೆ ಕೂತಾಗ, ಹೆಂಗಸಿನಿಂದ ಕ್ಷಮೆಯನ್ನು ಕೇಳುವದಕ್ಕೆ ಮುಂಚೆ ಗಂಡಸಿನಿಂದ ಪಶ್ಚಾತ್ತಾಪವನ್ನು ಕೇಳಲಿ.

ಬಾಗಿಲಲ್ಲಿ ಬಂದು ನಿಂತ ನಮ್ಮ ವಿದ್ಯಾರ್ಥಿನಿಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆ ರಾತ್ರಿ ಅವಳು ಬೋರ್ಡಿಂಗಿನಲ್ಲಿಯೇ ಮಲಗಿದಳು. ಬೆಳಿಗ್ಗೆ ಅವಳ ಅಣ್ಣನನ್ನು ಕರೆಸಿ, ಕೂಡಿ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟುಬಂದೆವು. ಈಗ ಅವಳು ತವರಿನಲ್ಲಿದ್ದು ಹೊಲಿಗೆಯಿಂದ ಜೀವನ ನಡಿಸುತ್ತಾಳೆ. ವಿಚಾರಣೆ ಇನ್ನೂ ನಡೆದಿದೆ. ಮೊನ್ನೆ ಅತ್ತೆಯು ಬೇನೆಯಿಂದ ದವಾಖಾನೆಗೆ ಸೇರಿದ ಸುದ್ದಿ ಬಂದಾಗ, ಯಾರೂ ಹೇಳದೆ ಅವಳೇ ಗಂಜಿ ಕಾಸಿಕೊಂಡು ಹೋಗಿ ಎರಡು ದಿವಸ ಮುದುಕಿಯ ಹಾಸಿಗೆಯ ಬಳಿಯಲ್ಲಿ ಕೂತಳು. ಮೂರನೆಯ ದಿವಸ ಗಂಡನು, “ಇನ್ನು ಮನೆಗೆ ನಡಿ” ಎಂದನಂತೆ. “ಗಂಜಿ ಕೊಡಾಕ ಬಂದೀನಿ. ಮನೀ ಮಾತು ಸಾಹೇಬ್ರ ಮುಂದ ಆಗ್ಲಿ” ಎಂದು ಹೇಳಿ ತವರಿನ ಬಸ್ಸು ಹತ್ತಿದಳು.

ಅವಳು ಅಂದು ಕೇಳಿದ ಪ್ರಶ್ನೆಗೆ ನಾವು ಕೊಡಲಾರದ ಉತ್ತರವನ್ನು ಅವಳೇ ಕೊಟ್ಟಳು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಈ ಶಾಲೆಗೆ ಬಂದು ಹೋದ ನಮ್ಮ ಮಕ್ಕಳೆಲ್ಲರಿಗೂ ಗಂಜಿ ಕೊಡುವ ಕೈಯನ್ನೂ ನಿಜವನ್ನು ನುಡಿಯುವ ನಾಲಿಗೆಯನ್ನೂ ದಯಾಮಯನಾದ ದೇವರು ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಇಂಥದೇ ಪ್ರಶ್ನೆ ಕೇಳುವದಿದ್ದರೆ, ನಮ್ಮ ಕೋಣೆಯ ಬಾಗಿಲು ನಿಮಗೆ ಗೊತ್ತೇ ಇದೆ.